ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಲದು

ಮಾನ್ಯರೇ,

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಐದು ತಿಂಗಳು ಪುಣೆಯಲ್ಲಿದ್ದೆವು. ಇಲ್ಲಿ ಸಾಗರದಲ್ಲಿ ಕಾರು ಇಡೀ ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಪಕ್ಕದ ಮನೆ ಹುಡುಗನಿಗೆ ಕೀ ಕೊಟ್ಟು, 'ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಪ್ಪಾ' ಅಂದಿದ್ದೆ. ಪಾಪ, ತಪ್ಪದೆ ಮಾಡಿದ. ತಪ್ಪು ನನ್ನದೇ.

ವಾಪಸ್ ಬಂದು ಎಂಜಿನ್ ಆಯಿಲ್ ಮುಚ್ಚಳ ತೆಗೆದರೆ ಒಳಗೆಲ್ಲ ಹಾಲಿನ ಕೆನೆಯಂಥ ಅಂಟು. ಎದೆ ಧಸಕ್ಕೆಂದಿತು. ಮೆಕ್ಯಾನಿಕ್ ನಕ್ಕರು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಐದೇ ನಿಮಿಷಕ್ಕೆ ಆಫ್ ಮಾಡಿದರೆ ಒಳಗೇ ನೀರಾಗಿ ಆಯಿಲ್‌ಗೆ ಸೇರುತ್ತದೆ. ಸ್ಟಾರ್ಟ್ ಮಾಡಲು ಖರ್ಚಾದ ಬ್ಯಾಟರಿಯೂ ಅಷ್ಟರಲ್ಲಿ ತುಂಬುವುದಿಲ್ಲ.

ಓಡಿಸುವವರಿದ್ದರೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲಿ. ಇಲ್ಲವಾದರೆ ಸುಮ್ನೆ ಮುಟ್ಟದೆ ಬಿಡುವುದೇ ವಾಸಿ. ಹೊರಡುವ ಮೊದಲು ಹೊಸ ಆಯಿಲ್ ಹಾಕಿಸಿ, ಟ್ಯಾಂಕ್ ತುಂಬಿಸಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಟ್ಯಾಂಕಿನಲ್ಲಿ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಬ್ಯಾಟರಿಯ ಮೈನಸ್ ವೈರ್ ಕಳಚಿಡಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಇಲಿ ಕತೆ ಬೇರೆಯೇ. ಏರ್ ಫಿಲ್ಟರ್ ಡಬ್ಬಿಯೊಳಗೆ ಅಡಿಕೆ ಸಿಪ್ಪೆ ತಂದು ಗೂಡು ಕಟ್ಟಿತ್ತು! ಹಾಗಾಗಿ ಕೀ ತಿರುಗಿಸುವ ಮೊದಲು ಬಾನೆಟ್ ಎತ್ತಿ ನೋಡಿ.

ಕಾರು ಮಾರುವವರು ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೊಡಬಾರದೇ?

– ನಿವೃತ್ತ ಶಿಕ್ಷಕ, ಸಾಗರ