ಎರಡನೇ ಭಾಗದ ಕೆಳಗಿರುವ ಅಭಿಪ್ರಾಯಗಳು ಎರಡನೇ ಭಾಗದವಲ್ಲ

ಗೆ,
ಮುಖ್ಯಸ್ಥರು,
ವೀಕ್ಷಕರ ಅಭಿಪ್ರಾಯ ಮತ್ತು ಚಿತ್ರ ಮಾಹಿತಿ ವಿಭಾಗ

ವಿಷಯ: ‘ಫೈನಲ್ ಡೆಸ್ಟಿನೇಷನ್ 2’ (2003) ಚಿತ್ರದ ಪುಟದಲ್ಲಿ ಬೇರೆ ಚಿತ್ರಗಳ ಅಭಿಪ್ರಾಯ ಸೇರಿಕೊಂಡಿರುವುದು, ಕಥೆಯ ಗುಟ್ಟು ಬಯಲಾಗುತ್ತಿರುವುದು, ಪ್ರಸಾರದ ದೋಷ ಚಿತ್ರದ ರೇಟಿಂಗ್ ಮೇಲೆ ಬೀಳುತ್ತಿರುವುದು.

ಮಾನ್ಯರೇ,

ನಿಮ್ಮ ಸ್ಟ್ರೀಮಿಂಗ್ ಸೇವೆಯಲ್ಲಿ ‘ಫೈನಲ್ ಡೆಸ್ಟಿನೇಷನ್’ ಎಂಬ ಈ ಹಾಲಿವುಡ್ ಭಯಾನಕ ಸರಣಿಯ ಚಿತ್ರಗಳನ್ನು ನೋಡುವ, ಅವುಗಳ ಬಗ್ಗೆ ಬರೆಯುವ, ಬೇರೆಯವರು ಬರೆದದ್ದನ್ನು ಓದಿ ಏನು ನೋಡಬೇಕೆಂದು ತೀರ್ಮಾನಿಸುವ ಚಂದಾದಾರರು ಒಟ್ಟಾಗಿ ಈ ಪತ್ರ ಬರೆಯುತ್ತಿದ್ದೇವೆ. ಚಿತ್ರವನ್ನು ಯಾರೋ ಬೈದಿದ್ದಾರೆ ಎಂಬುದು ನಮ್ಮ ದೂರಲ್ಲ. ಬೈಯಲು ಕಾರಣವಿದ್ದರೆ ಧಾರಾಳವಾಗಿ ಬೈಯಲಿ. ಆದರೆ ಈಗ ಆ ಪುಟದಲ್ಲಿರುವ ಸ್ಟಾರ್ ಸರಾಸರಿಯಾಗಲಿ, ಅದರ ಮೇಲಿರುವ ಎರಡು ಸಾಲಿನ ಸಾರಾಂಶವಾಗಲಿ ಆ ಚಿತ್ರದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ತಪ್ಪು ವೀಕ್ಷಕರದ್ದಲ್ಲ, ನಿಮ್ಮ ವ್ಯವಸ್ಥೆಯದ್ದು. ಅದು ಎಲ್ಲೆಲ್ಲಿದೆ ಎಂದು ಒಂದೊಂದಾಗಿ ತೋರಿಸುತ್ತೇವೆ.

ಮೊದಲನೆಯದು ಚಿತ್ರಗಳ ಕಲಬೆರಕೆ. ಎರಡನೇ ಭಾಗದ ಸಾರಾಂಶದಲ್ಲಿ ‘ತ್ರೀಡಿ ದೃಶ್ಯಗಳು ಚೆನ್ನಾಗಿವೆ, ಪಾತ್ರಗಳು ಟೊಳ್ಳು’ ಎಂದಿದೆ. 2003ರ ಚಿತ್ರ ತ್ರೀಡಿಯಲ್ಲಿ ಬಂದೇ ಇಲ್ಲ. ಕೆಳಗೆ ಇಳಿದರೆ ರೇಸ್ ಟ್ರ್ಯಾಕ್ ಅಪಘಾತದ ಬಗ್ಗೆ ಉದ್ದುದ್ದ ಬರಹಗಳಿವೆ. ಈ ಚಿತ್ರದಲ್ಲಿರುವುದು ಹೆದ್ದಾರಿಯ ಅಪಘಾತ: ದಿಮ್ಮಿ ತುಂಬಿದ ಲಾರಿ, ತುಂಡಾಗುವ ಸರಪಳಿ, ಒಂದರ ಹಿಂದೊಂದು ಗುದ್ದುವ ವಾಹನಗಳು. ರೇಸ್ ಟ್ರ್ಯಾಕ್ ಇರುವುದು 2009ರ ನಾಲ್ಕನೆಯ ಚಿತ್ರದಲ್ಲಿ. ಇದೇ ರೀತಿ 2000ದ ಮೊದಲ ಚಿತ್ರದ ಪುಟದಲ್ಲಿ ರೋಲರ್ ಕೋಸ್ಟರ್ ಬಗ್ಗೆ ಬರೆದವು ಸಿಗುತ್ತವೆ. ರೋಲರ್ ಕೋಸ್ಟರ್ ಇರುವುದು 2006ರ ಮೂರನೆಯದರಲ್ಲಿ.

ಈ ಬೆರಕೆಗೆ ಒಂದು ಲೆಕ್ಕಾಚಾರ ಇದೆ, ಅದನ್ನು ನೋಡಿದರೆ ಕಾರಣವೂ ಹೊಳೆಯುತ್ತದೆ. ಮೊದಲ ಮತ್ತು ಮೂರನೆಯ ಚಿತ್ರಗಳ ನಿರ್ದೇಶಕ ಜೇಮ್ಸ್ ವಾಂಗ್. ಎರಡನೆಯ ಮತ್ತು ನಾಲ್ಕನೆಯ ಚಿತ್ರಗಳ ನಿರ್ದೇಶಕ ಡೇವಿಡ್ ಆರ್. ಎಲಿಸ್. ನಾಲ್ಕನೆಯದಕ್ಕೆ ಹೆಸರಿನಲ್ಲಿ ಅಂಕಿಯೇ ಇಲ್ಲ. ಮೊದಲ ಚಿತ್ರದ ಹೆಸರಿನ ಮುಂದೆ ‘ದಿ’ ಸೇರಿಸಿದ್ದಾರೆ, ಅಷ್ಟೆ. ಹೆಸರಿನಿಂದ ಅಂಕಿಯನ್ನೂ ‘ದಿ’ಯನ್ನೂ ತೆಗೆದುಹಾಕಿ, ಉಳಿದ ಹೆಸರನ್ನು ನಿರ್ದೇಶಕರ ಹೆಸರಿನ ಜೊತೆ ಹೋಲಿಸುವ ವ್ಯವಸ್ಥೆಗೆ 2003ರದ್ದೂ 2009ರದ್ದೂ ಒಂದೇ ಚಿತ್ರವಾಗಿ ಕಾಣುತ್ತದೆ, 2000 ಮತ್ತು 2006ರವೂ ಹಾಗೆಯೇ. ನಿಮ್ಮ ಪುಟಗಳಲ್ಲಿ ಆಗಿರುವ ಬೆರಕೆ ಸರಿಯಾಗಿ ಈ ಜೋಡಿಗಳಲ್ಲೇ ಇದೆ. 2011ರ ಐದನೆಯದು ಮತ್ತು 2025ರ ‘ಬ್ಲಡ್‌ಲೈನ್ಸ್’ ನಿರ್ದೇಶಿಸಿದವರು ಬೇರೆ, ಅವುಗಳ ಪುಟಗಳು ಶುದ್ಧವಾಗಿವೆ. ಹೋಲಿಕೆಗೆ ಬಿಡುಗಡೆಯಾದ ವರ್ಷವನ್ನೂ ಅವಧಿಯನ್ನೂ ಸೇರಿಸಿದರೆ ಸಾಕು. 2003ರದ್ದು 90 ನಿಮಿಷ, 2009ರದ್ದು 82 ನಿಮಿಷ.

ಇದರ ಪರಿಣಾಮ ಸಣ್ಣದಲ್ಲ. 80 ಜನ ಒಂದು ಚಿತ್ರಕ್ಕೆ 4 ಸ್ಟಾರ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಬೇರೆ ಚಿತ್ರಕ್ಕೆ 2 ಸ್ಟಾರ್ ಕೊಟ್ಟ 20 ಜನರ ಮತ ಅಲ್ಲಿಗೆ ಬಂದು ಬಿದ್ದರೆ ಸರಾಸರಿ 3.6ಕ್ಕೆ ಇಳಿಯುತ್ತದೆ. ಆ 20 ಜನರಲ್ಲಿ ಒಬ್ಬರೂ ಈ ಚಿತ್ರದ ಬಗ್ಗೆ ಮಾತಾಡಿಲ್ಲ.

ಸರಿಪಡಿಸುವಾಗ ಪದಗಳನ್ನು ಹುಡುಕಿ ಯಂತ್ರದಿಂದಲೇ ವಿಂಗಡಿಸಲು ಹೋಗಬೇಡಿ ಎಂದು ಈಗಲೇ ಹೇಳುತ್ತೇವೆ, ಏಕೆಂದರೆ ಈ ಸರಣಿಯಲ್ಲಿ ಅದು ಕೈಕೊಡುತ್ತದೆ. ‘ವಿಮಾನ’ ಎಂಬ ಪದವಿದ್ದರೆ ಮೊದಲ ಚಿತ್ರ ಎನ್ನುವ ಹಾಗಿಲ್ಲ. ಎರಡನೆಯದು ಆರಂಭವಾಗುವುದೇ ಮೊದಲ ಚಿತ್ರದ ಫ್ಲೈಟ್ 180 ದುರಂತದ ಮಾತಿನಿಂದ. ‘ದಿಮ್ಮಿ’ ಎಂದಿದ್ದರೆ ಎರಡನೆಯದೇ ಎಂದೂ ಅಲ್ಲ. ಆ ಲಾರಿಯ ದೃಶ್ಯ ಎಷ್ಟು ಹೆಸರುವಾಸಿಯೆಂದರೆ, ಇತರ ಭಾಗಗಳ ಬಗ್ಗೆ ಬರೆಯುವವರೂ ಅದನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ನಟ ಟೋನಿ ಟಾಡ್ ಅವರ ಹೆಸರು ಎರಡನೆಯ ಚಿತ್ರದ ಬಗ್ಗೆ ಬರೆದವರಲ್ಲೂ ಇರುತ್ತದೆ, ಅವರು 2024ರಲ್ಲಿ ತೀರಿಕೊಂಡ ಮೇಲೆ ಬಂದ ‘ಬ್ಲಡ್‌ಲೈನ್ಸ್’ ಬಗ್ಗೆ ಬರೆದವರಲ್ಲೂ ಇರುತ್ತದೆ. ಸರಣಿ ಬಲ್ಲ ಒಬ್ಬರನ್ನು ಕೂರಿಸಿ ಓದಿಸಿ. ಸಂದೇಹ ಬಂದದ್ದನ್ನು ಬರೆದವರಿಗೇ ಮರಳಿಸಿ, ಯಾವ ಚಿತ್ರದ ಬಗ್ಗೆ ಎಂದು ಕೇಳಿ.

ಎರಡನೆಯದು ಗುಟ್ಟು ಬಯಲಾಗುವ ವಿಚಾರ. ಇದೇ ನಮ್ಮನ್ನು ಹೆಚ್ಚು ನೋಯಿಸಿರುವುದು.

ಸಾಮಾನ್ಯ ಕೊಲೆಗಾರನ ಚಿತ್ರದಲ್ಲಿ ಗುಟ್ಟು ಎಂದರೆ ಕೊಲೆಗಾರ ಯಾರು ಎಂಬುದು. ನಿಮ್ಮ ಸ್ಪಾಯ್ಲರ್ ಫಿಲ್ಟರ್ ಹಿಡಿಯುವುದೂ ಅಂಥ ವಾಕ್ಯಗಳನ್ನೇ. ಈ ಸರಣಿಯಲ್ಲಿ ಕೊಲೆಗಾರನೇ ಇಲ್ಲ. ಒಬ್ಬರಿಗೆ ದುರಂತ ಮುಂಚೆಯೇ ಕಾಣುತ್ತದೆ, ಕೆಲವರು ತಪ್ಪಿಸಿಕೊಳ್ಳುತ್ತಾರೆ, ತಪ್ಪಿಸಿಕೊಂಡವರನ್ನು ಸಾವು ಸರದಿಯಂತೆ ಹಿಂಬಾಲಿಸುತ್ತದೆ. ಇಷ್ಟು ಪೋಸ್ಟರ್ ನೋಡಿದವರಿಗೂ ಗೊತ್ತು. ಯಾರ ಸರದಿ ಯಾವಾಗ, ಯಾವ ವಸ್ತುವಿನಿಂದ, ಯಾವ ದಿಕ್ಕಿನಿಂದ ಎಂಬುದಷ್ಟೇ ಇಲ್ಲಿ ಗುಟ್ಟು. ಎರಡನೇ ಭಾಗದ ಜೀವಾಳವೂ ಅದೇ. ಅಡುಗೆಮನೆ, ದಂತವೈದ್ಯರ ಕೋಣೆ, ಲಿಫ್ಟ್ ಇಂಥ ದಿನಬಳಕೆಯ ಜಾಗಗಳಲ್ಲಿ ಕ್ಯಾಮೆರಾ ಒಂದೊಂದೇ ವಸ್ತುವಿನ ಮೇಲೆ ನಿಲ್ಲುತ್ತದೆ: ಸಡಿಲವಾದದ್ದು, ಸೋರುತ್ತಿರುವುದು, ಬಿಸಿಯಾಗುತ್ತಿರುವುದು. ನೋಡುವವರು ಮನಸ್ಸಿನಲ್ಲೇ ಕೂಡಿ ಕಳೆದು ‘ಇದರಿಂದಲೇ’ ಎಂದು ಊಹಿಸುತ್ತಾರೆ, ಚಿತ್ರ ಆ ಊಹೆಯನ್ನು ಸುಳ್ಳು ಮಾಡುತ್ತದೆ. ಉಸಿರು ಬಿಟ್ಟು ಹಗುರಾಗುವ ಹೊತ್ತಿಗೆ ಪೆಟ್ಟು ಬೇರೆಲ್ಲಿಂದಲೋ ಬರುತ್ತದೆ. ‘ಆ ಹುಡುಗನಿಗೆ ಇಂಥದ್ದರಿಂದ ಆಗುವುದು ಸೂಪರ್’ ಎಂಬ ಒಂದೇ ಸಾಲು ಸಾಕು, ಆ ಹತ್ತು ನಿಮಿಷದ ಕಟ್ಟೋಣ ಪೂರ್ತಿ ಕುಸಿಯುತ್ತದೆ.

ಅಂಥ ಸಾಲುಗಳನ್ನೇ ನೀವು ಮೇಲೆ ಎತ್ತಿ ಹಿಡಿಯುತ್ತಿದ್ದೀರಿ. ಹೆಚ್ಚು ‘ಉಪಯುಕ್ತ’ ಗುರುತು ಪಡೆದ ಬರಹದ ಮೊದಲ ಎರಡು ಸಾಲು, ಚಿತ್ರ ಒತ್ತುವ ಮೊದಲೇ ಪರದೆಯ ಮೇಲೆ ಕಾಣುತ್ತದೆ. ಆ ಗುರುತು ಒತ್ತುವವರು ಚಿತ್ರ ನೋಡಿ ಮುಗಿಸಿದವರು. ಅವರಿಗೆ ಇಷ್ಟವಾಗುವುದು ಸಾವಿನ ದೃಶ್ಯಗಳನ್ನು ನೆನಪಿಸುವ ಬರಹ. ಹಾಗಾಗಿ ಗುಟ್ಟು ಒಡೆಯುವ ಬರಹಗಳೇ ಮೇಲಕ್ಕೇರುತ್ತವೆ. ಈ ಸರಣಿಯ ಮಟ್ಟಿಗಾದರೂ ಆ ಎರಡು ಸಾಲಿನ ಮುನ್ನೋಟವನ್ನು ಮುಚ್ಚಿಡಿ, ಓದುವವರು ಒತ್ತಿದರೆ ಮಾತ್ರ ತೆರೆಯಲಿ. ಪಾತ್ರದ ಹೆಸರೂ ವಸ್ತುವಿನ ಹೆಸರೂ ಒಂದೇ ವಾಕ್ಯದಲ್ಲಿ ಬಂದರೆ ಅದನ್ನು ಗುಟ್ಟು ಎಂದೇ ಎಣಿಸಿ.

ಇದಕ್ಕೆ ಸೇರಿದ ಇನ್ನೊಂದು ಮಾತು. ನೀವು ಪ್ರಕಟಿಸಿರುವ ‘ಕಥೆಯ ಕಾಲಕ್ರಮದಲ್ಲಿ ನೋಡಿ’ ಎಂಬ ಪಟ್ಟಿಯನ್ನು ದಯವಿಟ್ಟು ತೆಗೆದುಹಾಕಿ. ಅದು 2011ರ ಚಿತ್ರವನ್ನು ಎಲ್ಲಿಟ್ಟಿದೆಯೋ ಆ ಜಾಗವೇ ಆ ಚಿತ್ರದ ಕೊನೆಯನ್ನು ಹೇಳಿಬಿಡುತ್ತದೆ. ಹೇಗೆ ಎಂಬುದು ನಿಮ್ಮ ವಿಭಾಗದಲ್ಲಿ ಅದನ್ನು ನೋಡಿದವರಿಗೆ ತಿಳಿದಿರುತ್ತದೆ, ಇಲ್ಲಿ ಬರೆಯುವುದಿಲ್ಲ. ಬಿಡುಗಡೆಯಾದ ಕ್ರಮವೇ ಸರಿಯಾದ ಕ್ರಮ.

ಮೂರನೆಯದಾಗಿ, ನಿಮ್ಮ ಪ್ರಸಾರದ ದೋಷಗಳಿಗೆ ಚಿತ್ರ ಸ್ಟಾರ್ ಕಳೆದುಕೊಳ್ಳುತ್ತಿದೆ.

‘ಹಿನ್ನೆಲೆಯೇ ಅರ್ಥವಾಗಲಿಲ್ಲ, ಮೊದಲ ಚಿತ್ರಕ್ಕೂ ಇದಕ್ಕೂ ಏನು ಸಂಬಂಧ’ ಎಂದು ಒಂದು ಸ್ಟಾರ್ ಕೊಟ್ಟವರಿದ್ದಾರೆ. ಆ ಸಂಬಂಧವನ್ನು ಹೇಳುವುದು ಆರಂಭದ ಹೆಸರುಗಳು ಬರುವಾಗ ಟಿವಿಯಲ್ಲಿ ನಡೆಯುವ ಸಂದರ್ಶನ. ಫ್ಲೈಟ್ 180ರಲ್ಲಿ ಏನಾಯಿತು, ಬದುಕಿದವರಿಗೆ ಮುಂದೇನಾಯಿತು, ಸಾವಿಗೆ ಒಂದು ಕ್ರಮವಿದೆ ಎಂಬ ವಾದವೇನು, ಎಲ್ಲವೂ ಅಲ್ಲೇ ಇದೆ. ನಿಮ್ಮ ‘ಪೀಠಿಕೆ ಬಿಟ್ಟು ಮುಂದೆ’ ಬಟನ್ ಸರಿಯಾಗಿ ಆ ಭಾಗದ ಮೇಲೆ ಬಂದು ಕೂರುತ್ತದೆ. ಬಟನ್ ಒತ್ತಿದವರಿಗೆ ಚಿತ್ರದ ಬುನಾದಿಯೇ ತಪ್ಪಿಹೋಗುತ್ತದೆ. ಧಾರಾವಾಹಿಗೆ ಮಾಡಿದ ಬಟನ್ ಇದು. ಧಾರಾವಾಹಿಯಲ್ಲಿ ಪ್ರತಿ ಸಂಚಿಕೆಗೂ ಅದೇ ಶೀರ್ಷಿಕೆ ಗೀತೆ ಬರುತ್ತದೆ, ಬಿಟ್ಟರೆ ನಷ್ಟವಿಲ್ಲ. ಈ ಸರಣಿಯಲ್ಲಿ ಹೆಸರುಗಳ ಭಾಗವೂ ಕಥೆಯೇ. ನಾಲ್ಕನೆಯದರಲ್ಲಂತೂ ಹಿಂದಿನ ಭಾಗಗಳ ಸಾವುಗಳನ್ನು ಎಕ್ಸ್‌ರೇ ಚಿತ್ರಗಳಂತೆ ಅಲ್ಲೇ ತೋರಿಸಿದ್ದಾರೆ.

ಕೊನೆಯಲ್ಲೂ ಇದೇ ಕಥೆ. ಎರಡನೇ ಭಾಗದ ಕೊನೆಯ ಪೆಟ್ಟು ಬರುವುದು ಹೆಸರುಗಳು ಉರುಳುವ ಮುಂಚಿನ ಕೆಲವೇ ಕ್ಷಣಗಳಲ್ಲಿ. ಅಷ್ಟರಲ್ಲಿ ನಿಮ್ಮ ‘ಮುಂದಿನ ಚಿತ್ರ’ ಚೌಕ ಬಂದು ಪರದೆಯನ್ನು ಮೂಲೆಗೆ ತಳ್ಳುತ್ತದೆ. ‘ಸಪ್ಪೆ ಅಂತ್ಯ, ಏನೂ ಆಗದೆ ಮುಗಿಯಿತು’ ಎಂದು ಬರೆದವರು ಆ ಅಂತ್ಯವನ್ನು ನೋಡಿಲ್ಲ. ಚೌಕ ಬರುವ ಸಮಯವನ್ನು ಹೆಸರುಗಳು ಉರುಳಲು ಶುರುವಾದ ಮೇಲಕ್ಕೆ ತಳ್ಳಿದರೆ ಆಯಿತು.

ಧ್ವನಿಯ ಬಗ್ಗೆ ದೂರಿದವರು ಬಹಳ. ‘ಮಾತು ಕೇಳಿಸುವುದಿಲ್ಲ, ಅಪಘಾತದಲ್ಲಿ ಮಾತ್ರ ಕಿವಿ ಕಿತ್ತುಹೋಗುತ್ತದೆ’ ಎನ್ನುತ್ತಾರೆ. ಆರು ಸ್ಪೀಕರ್‌ಗೆ ಮಾಡಿದ 5.1 ಮಿಶ್ರಣವನ್ನು ಎರಡು ಸ್ಪೀಕರ್‌ಗೆ ಇಳಿಸುವಾಗ ನಡುವಿನ ಸ್ಪೀಕರ್‌ನ ಮಾತು ಎಡಬಲಕ್ಕೆ ಹಂಚಿಹೋಗಿ ಉಳಿದ ಸದ್ದುಗಳಡಿ ಮುಳುಗುತ್ತದೆ. ಸಬ್‌ವೂಫರ್‌ಗೆಂದೇ ಇರುವ ತಗ್ಗು ಸದ್ದಿನ ಚಾನೆಲ್ ಸಾಮಾನ್ಯವಾಗಿ ಬಿಟ್ಟೇ ಹೋಗುತ್ತದೆ, ದಿಮ್ಮಿ ರಸ್ತೆಗೆ ಬಡಿಯುವಾಗ ಎದೆಗೆ ತಾಗಬೇಕಾದ ಗುಡುಗು ಇಲ್ಲವಾಗುತ್ತದೆ. ಎರಡು ಸ್ಪೀಕರ್‌ಗೆಂದೇ ಬೇರೆ ಧ್ವನಿಪಥ ಕೊಡಿ, ಅದನ್ನು ಆರಿಸುವ ಅವಕಾಶವನ್ನು ಕಾಣುವ ಜಾಗದಲ್ಲಿಡಿ.

ಅವಧಿಯ ಬಗ್ಗೆಯೂ ಜಗಳವಿದೆ. ಕೆಲವರಿಗೆ 90 ನಿಮಿಷ ಬದಲು 86 ನಿಮಿಷ ಚಿಲ್ಲರೆ ಕಾಣಿಸಿದೆ, ರಕ್ತದ ದೃಶ್ಯ ಕತ್ತರಿಸಿದ್ದಾರೆ ಎಂದು ಸಿಟ್ಟಿನಿಂದ ಬರೆದಿದ್ದಾರೆ. ಇದು ಕತ್ತರಿಯ ಕೆಲಸವಲ್ಲ ಎಂಬುದು ನಮ್ಮ ಎಣಿಕೆ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಚಿತ್ರವನ್ನು 25ರ ವೇಗದಲ್ಲಿ ಓಡಿಸಿದರೆ 90 ನಿಮಿಷ ಸರಿಯಾಗಿ 86 ನಿಮಿಷ 24 ಸೆಕೆಂಡ್ ಆಗುತ್ತದೆ, ಎಲ್ಲರ ದನಿಯೂ ಅರೆಸ್ವರಕ್ಕಿಂತ ತುಸು ಕಡಿಮೆಯಷ್ಟು ಏರುತ್ತದೆ. ಪರೀಕ್ಷೆ ಸುಲಭ. ಎರಡೂ ಪ್ರತಿಗಳಲ್ಲಿ ನಾಲ್ಕೈದು ದೃಶ್ಯಗಳನ್ನು ಗಡಿಯಾರ ಹಿಡಿದು ಅಳೆಯಿರಿ. ಎಲ್ಲವೂ ನೂರಕ್ಕೆ ನಾಲ್ಕರಷ್ಟು ಕುಗ್ಗಿದ್ದರೆ ಅದು ವೇಗ, ಒಂದೇ ಒಂದು ಕುಗ್ಗಿದ್ದರೆ ಕತ್ತರಿ. ಎರಡರಲ್ಲಿ ಯಾವುದೇ ಆಗಿರಲಿ, ಪುಟದಲ್ಲಿ ಬರೆಯಿರಿ. 25ರ ವೇಗದ ಹಳೆಯ ಟಿವಿ ಪ್ರತಿಯಾಗಿದ್ದರೆ ಬದಲಿಸಿ.

ಕನ್ನಡ ಸಬ್‌ಟೈಟಲ್‌ನ ಒಂದು ಪದದ ಮೇಲೂ ನಿಮ್ಮ ಗಮನ ಬೇಕು. ಸಾವಿನ ಸರದಿ ಮುರಿಯುವ ದಾರಿ ಯಾವುದೆಂದು ಹೇಳುವ ಮಾತು ಮೂಲದಲ್ಲಿ ಬೇಕೆಂದೇ ಎರಡರ್ಥದ್ದು. ಪಾತ್ರಗಳು ಅದನ್ನು ಒಂದು ರೀತಿ ಅರ್ಥ ಮಾಡಿಕೊಂಡು ಓಡುತ್ತವೆ, ಕಥೆ ತಿರುಗುವುದು ಇನ್ನೊಂದು ಅರ್ಥದ ಮೇಲೆ. ನಿಮ್ಮ ಅನುವಾದ ‘ಹುಟ್ಟುವ ಮಗು’ ಎಂದು ಒಂದೇ ಅರ್ಥಕ್ಕೆ ಗಂಟು ಹಾಕಿದೆ. ‘ಚಿತ್ರ ತನ್ನ ನಿಯಮವನ್ನು ತಾನೇ ಮುರಿಯುತ್ತದೆ’ ಎಂಬ ಟೀಕೆಗಳಲ್ಲಿ ಹಲವು ಈ ಗಂಟಿನಿಂದ ಹುಟ್ಟಿದವು. ‘ಹೊಸ ಜೀವ’ ಎಂದು ಬದಲಿಸಿ. ಕನ್ನಡದಲ್ಲೂ ಆ ಮಾತು ಎರಡೂ ಕಡೆ ತೂಗುತ್ತದೆ.

ಈ ಕಸವೆಲ್ಲ ತೆಗೆದ ಮೇಲೆ ಉಳಿಯುವ ಅಭಿಪ್ರಾಯಗಳು ನಿಜಕ್ಕೂ ಓದತಕ್ಕವು. ಮೊದಲ ಚಿತ್ರದ ನಾಯಕ ಇದರಲ್ಲಿ ಇಲ್ಲದಿರುವುದು ಸರಿಯೇ, ಅದರಲ್ಲಿ ನಟಿ ಆಲಿ ಲಾರ್ಟರ್ ಮಾಡಿದ ಪಾತ್ರ ಮರಳಿ ಬಂದ ರೀತಿ ಸಾಕೇ, ಮೊದಲನೆಯದರ ಬಿಗಿ ಭಯವನ್ನು ಬಿಟ್ಟು ಕರಾಳ ಹಾಸ್ಯದತ್ತ ವಾಲಿದ್ದು ಲಾಭವೋ ನಷ್ಟವೋ ಎಂದು ಜನ ಶ್ರದ್ಧೆಯಿಂದ ವಾದಿಸಿದ್ದಾರೆ. ಹೆದ್ದಾರಿಯ ದೃಶ್ಯವೇ ಸರಣಿಯ ಶಿಖರ ಎನ್ನುವವರೂ, ಅದಾದ ಮೇಲೆ ಚಿತ್ರ ಆ ಎತ್ತರಕ್ಕೆ ಮತ್ತೆ ಏರಲಿಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಹೊಸಬರು ಚಿತ್ರ ನೋಡಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದದ್ದು ಇಂಥ ಬರಹ. ಅವು ಈಗ ಮೂರನೆಯ, ನಾಲ್ಕನೆಯ ಪುಟದಲ್ಲಿ ಹೂತುಹೋಗಿವೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮೊದಲು, ವಿಂಗಡಣೆ ಮುಗಿಯುವ ತನಕ ಎರಡೂ ಜೋಡಿ ಚಿತ್ರಗಳ ಸ್ಟಾರ್ ಸರಾಸರಿಯನ್ನೂ ಸಾರಾಂಶವನ್ನೂ ತೋರಿಸುವುದನ್ನು ನಿಲ್ಲಿಸಿ. ಅಭಿಪ್ರಾಯ ಬರೆಯುವ ಜಾಗವನ್ನು ಎರಡಾಗಿ ಒಡೆಯಿರಿ: ಒಂದು ಚಿತ್ರದ ಬಗ್ಗೆ, ಇನ್ನೊಂದು ದೃಶ್ಯ, ಧ್ವನಿ, ಸಬ್‌ಟೈಟಲ್ ಪ್ರಸಾರವಾದ ಗುಣಮಟ್ಟದ ಬಗ್ಗೆ. ಎರಡನೆಯದರ ಸ್ಟಾರ್ ಮೊದಲನೆಯದಕ್ಕೆ ಸೇರಬಾರದು, ಅದು ನೇರವಾಗಿ ನಿಮ್ಮ ತಾಂತ್ರಿಕ ವಿಭಾಗಕ್ಕೆ ಹೋಗಲಿ. ತ್ರೀಡಿಯಲ್ಲಿ ತೆಗೆದ ನಾಲ್ಕನೆಯ ಮತ್ತು ಐದನೆಯ ಚಿತ್ರಗಳಿಗೆ, ಕನ್ನಡಕ ಹಾಕಿ ನೋಡಿದ್ದೋ ಸಾದಾ ಪರದೆಯಲ್ಲೋ ಎಂಬ ಒಂದು ಗುರುತು ಸೇರಿಸಿ. ತಪ್ಪು ಜಾಗದಲ್ಲಿರುವ ಬರಹಗಳನ್ನು ಅಳಿಸಬೇಡಿ, ಸರಿಯಾದ ಪುಟಕ್ಕೆ ಸ್ಥಳಾಂತರಿಸಿ. ಬರೆದವರು ಸಮಯ ಕೊಟ್ಟು, ಮನಸ್ಸಿಟ್ಟು ಬರೆದಿದ್ದಾರೆ.

ಬೆರಕೆಯಾಗಿರುವ ಬರಹಗಳ ಪಟ್ಟಿ, ‘ಮುಂದಿನ ಚಿತ್ರ’ ಚೌಕ ಮತ್ತು ಪೀಠಿಕೆ ಬಟನ್ ಕಾಣಿಸುವ ಕ್ಷಣದ ಪರದೆ ಚಿತ್ರಗಳು, ತಪ್ಪಾದ ಸಬ್‌ಟೈಟಲ್ ಸಾಲು ಬರುವ ಸಮಯ, ಇವನ್ನು ಪತ್ರದ ಜೊತೆ ಲಗತ್ತಿಸಿದ್ದೇವೆ. ಯಾವ ಕೆಲಸ ಯಾವಾಗ ಆಗುತ್ತದೆ ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ವಿಂಗಡಣೆಗೆ ಓದುವವರು ಬೇಕಿದ್ದರೆ ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚಂದಾದಾರ ವೀಕ್ಷಕರು