ಭಾನುವಾರದ ಪದ: ಎಕ್ಸಿಲಿಯುಂ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಮಾತಾಡುವ ಪದ, ಗಡಿಪಾರಿಗೆ ಲ್ಯಾಟಿನ್ನಿನಲ್ಲಿರುವ ‘ಎಕ್ಸಿಲಿಯುಂ’. ಅದಕ್ಕೂ ಮೊದಲು ಇಷ್ಟು ಓದಿಕೊಂಡಿರಿ.

ಇದು ಇಟಾಲಿಯನ್ನಿನಲ್ಲಿ ‘ಎಸೀಲಿಯೊ’, ಫ್ರೆಂಚಿನಲ್ಲಿ ‘ಎಗ್ಜಿಲ್’, ಸ್ಪ್ಯಾನಿಷ್‌ನಲ್ಲಿ ‘ಎಕ್ಸೀಲಿಯೊ’. ಹಳಬರು ಇದನ್ನು ‘ಸೊಲುಂ’, ಅಂದರೆ ನೆಲ, ಅನ್ನುವ ಪದಕ್ಕೆ ಜೋಡಿಸಿ ‘ನೆಲದಿಂದಾಚೆ’ ಎಂದು ಬಿಡಿಸುತ್ತಿದ್ದರು. ಇವತ್ತಿನ ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಆದರೆ ಸ್ಪ್ಯಾನಿಷ್‌ನಲ್ಲಿ ಅದೇ ಅರ್ಥ ಹೊತ್ತ ಬೇರೊಂದು ಪದವೇ ಇದೆ: ‘ದೆಸ್ತಿಯೆರ್ರೊ’. ‘ತಿಯೆರ್ರಾ’ ಅಂದರೆ ಮಣ್ಣು, ನಾಡು. ನಮ್ಮ ‘ಗಡಿಪಾರು’ ಗೆರೆ ದಾಟಿಸುವುದನ್ನು ಹೇಳಿದರೆ, ಇದು ಕಾಲಡಿಯ ಮಣ್ಣು ತಪ್ಪಿದ್ದನ್ನೇ ಹೇಳುತ್ತದೆ. ನನಗಂತೂ ಇದೇ ಜಾಸ್ತಿ ನೋವಿನ ಪದ. ಅಂತರ್ಯುದ್ಧದ ಕಾಲದಲ್ಲಿ ಸ್ಪೇನ್ ಬಿಟ್ಟು ಮೆಕ್ಸಿಕೊ ಸೇರಿದ ತತ್ವಜ್ಞಾನಿ ಹೊಸೆ ಗಾವೊಸ್ ಇದನ್ನೇ ತಿರುಗಿಸಿ ‘ತ್ರಾನ್ಸ್‌ತೆರ್ರಾದೊ’ ಅಂದರು. ಒಂದು ಮಣ್ಣಿಂದ ಇನ್ನೊಂದಕ್ಕೆ ನಾಟಿಯಾದವನು ಅಂತ. ಎಷ್ಟು ಸಮಾಧಾನ ಇದೆ ಅಲ್ವಾ ಈ ಪದದಲ್ಲಿ!

ಇನ್ನು ಓವಿಡ್. ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಈ ಕವಿಯನ್ನು ಕಪ್ಪು ಸಮುದ್ರದ ದಡದ ತೋಮಿಸ್‌ಗೆ ಅಟ್ಟಿದ. ಈಗ ಅದು ರೊಮೇನಿಯಾದ ಕೊನ್‌ಸ್ತಾಂತ್ಸಾ. ತಾನು ‘ಎಕ್ಸುಲ್’ (ಗಡಿಪಾರಾದವನು) ಅಲ್ಲ, ಬರೀ ‘ರೆಲೆಗಾತುಸ್’ (ದೂರ ಕಳಿಸಲಾದವನು) ಎಂದು ಓವಿಡ್ ಪದ್ಯದಲ್ಲೇ ವಾದಿಸಿದ. ಯಾಕೆಂದರೆ ಆಸ್ತಿ, ಪೌರತ್ವ ಎರಡೂ ಅವನಿಗೆ ಉಳಿದಿದ್ದವು. ರೋಮ್ ಮಾತ್ರ ಮತ್ತೆ ಸಿಗಲಿಲ್ಲ. ಅಲ್ಲೇ ತೀರಿಕೊಂಡ.

ನಿಮ್ಮ ಕಡೆ ಊರು ಬಿಡಿಸುವುದಕ್ಕೆ ಯಾವ ಮಾತಿದೆ? ಶನಿವಾರದೊಳಗೆ ಇಲ್ಲೇ ಬರೆಯಿರಿ. ಧ್ವನಿ ಸಂದೇಶವಾದರೆ 2 ನಿಮಿಷ ಮೀರದಿರಲಿ.