ನೆಲವನ್ನೇ ಮೇಲಕ್ಕೆ ತಂದುಕೊಟ್ಟವರಿಗೆ ಥ್ಯಾಂಕ್ಸ್

ಯೋಗ ಶುರು ಮಾಡಿ ಈ ವಾರಕ್ಕೆ ಒಂದು ವರ್ಷ ತುಂಬಿತು. ಇವತ್ತಿಗೂ ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗಿದರೆ ನನ್ನ ಕೈ ಹೋಗುವುದು ಕಣಕಾಲಿನವರೆಗೆ ಮಾತ್ರ. ಕಾಲ್ಬೆರಳು ಮುಟ್ಟಿದ ಸುದ್ದಿಗಾಗಿ ಓದುತ್ತಿದ್ದರೆ ಕ್ಷಮಿಸಿ, ಆ ಸುದ್ದಿ ಸದ್ಯಕ್ಕಿಲ್ಲ. ಆದರೆ ಮರದ ಹಾಗಿದ್ದ ಈ ಮೈಯನ್ನು ಇಟ್ಟುಕೊಂಡು ಒಂದು ವರ್ಷ ಬಿಡದೆ ಮ್ಯಾಟ್ ಮೇಲೆ ನಿಂತೆ ಅಲ್ವಾ, ಅದು ನನ್ನೊಬ್ಬಳಿಂದ ಆದ ಕೆಲಸ ಅಲ್ಲ. ಕಾರಣರಾದವರಿಗೆ ಎಲ್ಲರ ಎದುರಿಗೇ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಸ್ಥಿತಿ ಏನಿತ್ತು ಅಂತ ಹೇಳುತ್ತೇನೆ. ನಲವತ್ತು ದಾಟಿದೆ, ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಚಕ್ಕಳಮಕ್ಕಳ ಹಾಕಿ ಕೂತರೆ ಎರಡೂ ಮಂಡಿ ಮೇಲೆದ್ದು ನಿಲ್ಲುತ್ತಿದ್ದವು, ಬೆನ್ನು ಹಿಂದಕ್ಕೆ ಬೀಳುತ್ತಿತ್ತು, ಹಿಂದೆ ಗೋಡೆ ಇಲ್ಲದಿದ್ದರೆ ಐದು ನಿಮಿಷ ಕೂರಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಂಡಿರುತ್ತಿತ್ತು. ಡಾಕ್ಟರು ಕೂಲಂಕಷವಾಗಿ ನೋಡಿ, ಗಾಬರಿಯಾಗುವಂಥದ್ದು ಏನೂ ಇಲ್ಲ, ಮೈ ಆಡಿಸುವುದು ತೀರಾ ಕಡಿಮೆಯಾಗಿದೆ, ನಿಧಾನವಾಗಿ ಶುರು ಮಾಡಿ ಅಂದರು. ಮೊದಲ ಥ್ಯಾಂಕ್ಸ್ ಅವರಿಗೇ. ಮಾತ್ರೆ ಬರೆದು ಕಳಿಸುವುದು ಸುಲಭ ಇತ್ತು, ಅವರು ಕೂರಿಸಿ ಮಾತಾಡಿದರು.

ಅದಕ್ಕೂ ಹಿಂದೆ, ವರ್ಷಗಳ ಕೆಳಗೆ, ಒಂದು ಕಡೆ ಯೋಗ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಕಲಿಸುತ್ತಿದ್ದವರು ಮುಂದಕ್ಕೆ ಬಗ್ಗಿ ಅಂದರು, ನಾನು ಆದಷ್ಟು ಬಗ್ಗಿದೆ. ಹೇಳಲಿಲ್ಲ, ಕೇಳಲಿಲ್ಲ, ಹಿಂದಿನಿಂದ ಬಂದು ಬೆನ್ನ ಮೇಲೆ ಎರಡೂ ಕೈ ಇಟ್ಟು ಒತ್ತಿದರು. ಆಮೇಲೆ ಎಷ್ಟೋ ದಿನ ತೊಡೆಯ ಹಿಂದೆ, ಸರಿಯಾಗಿ ಕೂರುವ ಮೂಳೆಯ ಹತ್ತಿರ, ಚುಚ್ಚಿದ ಹಾಗೆ ನೋವು. ಯೋಗ ಅನ್ನೋದು ಹುಟ್ಟಿನಿಂದಲೇ ಮೈ ಬಾಗುವವರಿಗೆ ಮಾತ್ರ ಅಂತ ತೀರ್ಮಾನ ಮಾಡಿ ಬಿಟ್ಟುಬಿಟ್ಟಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇದೇ ಕಾರಣಕ್ಕೆ ಬಿಟ್ಟವರು ನನ್ನ ಸುತ್ತಮುತ್ತಲೇ ತುಂಬಾ ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ ಅಂತ ಆಸೆ.

ಈಗಿನ ಮೇಡಂ ಬಗ್ಗೆ ಬರೆಯಲು ಕೂತರೆ ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗುವುದಿಲ್ಲ. ಮೊದಲ ದಿನ ಅವರು ಆಸನ ಹೇಳಿಕೊಡುವ ಮೊದಲು ನನ್ನ ಪಕ್ಕ ನೆಲದ ಮೇಲೆ ಕೂತು ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ, ಯಾವುದಕ್ಕೆ ಭಯ ಅಂತ ಕೇಳಿದರು. ಭಯ ಏನು ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹಿಂದೆ ಒತ್ತಿಸಿಕೊಂಡಿದ್ದನ್ನು ಹೇಳಿದೆ. ಸರಿ, ನಿಮ್ಮನ್ನು ಕೇಳದೆ ನಾನು ಮುಟ್ಟುವುದಿಲ್ಲ ಅಂದರು, ಮತ್ತು ಈ ಒಂದು ವರ್ಷದಲ್ಲಿ ಒಮ್ಮೆಯೂ ಕೇಳದೆ ಮುಟ್ಟಿಲ್ಲ.

ಆಮೇಲೆ ದಂಡಾಸನ. ನೋಡಲು ಏನೂ ಇಲ್ಲದ ಆಸನ, ಕಾಲು ಚಾಚಿ ಬೆನ್ನು ನೆಟ್ಟಗೆ ಮಾಡಿ ಕೂರುವುದು ಅಷ್ಟೇ. ನನಗೆ ಅದೇ ಆಗುತ್ತಿರಲಿಲ್ಲ. ಮಂಡಿ ನೇರ ಮಾಡಿದರೆ ಬೆನ್ನು ಗೂನಾಗುತ್ತಿತ್ತು, ಬೆನ್ನು ಎತ್ತಿದರೆ ಮಂಡಿ ಮಡಚಿಕೊಳ್ಳುತ್ತಿತ್ತು. ಮೇಡಂ ಏನೂ ಮಾತಾಡದೆ ಒಂದು ದಪ್ಪ ಕಂಬಳಿಯನ್ನು ನೀಟಾಗಿ ಮಡಚಿ ನನ್ನ ಪೃಷ್ಠದ ಕೆಳಗೆ ಇಟ್ಟರು. ಸಾಲಲಿಲ್ಲ. ಇನ್ನೊಂದು ಇಟ್ಟರು. ಸ್ವಲ್ಪ ಅಂಚಿಗೆ ಬನ್ನಿ ಅಂದರು. ಅಂಚಿಗೆ ಸರಿದ ಕೂಡಲೇ ಸೊಂಟ ತಾನಾಗೇ ಮುಂದಕ್ಕೆ ವಾಲಿತು, ಬೆನ್ನು ಮೇಲೆದ್ದಿತು, ಹೊಟ್ಟೆಯ ಮೇಲಿದ್ದ ಒತ್ತಡ ಹೋಗಿ ಉಸಿರು ಕೆಳಗಿನವರೆಗೆ ಇಳಿಯಿತು. ನಾಲ್ಕು ಬೆರಳು ಎತ್ತರ, ಅಷ್ಟೇ! ಇಷ್ಟು ವರ್ಷ ನನ್ನ ಮೈಯಲ್ಲೇ ಏನೋ ಐಬಿದೆ ಅಂದುಕೊಂಡಿದ್ದೆ. ಮೇಡಂ ಆಗ ಹೇಳಿದ ಮಾತು ಇದು: "ನಿಮ್ಮ ಕೈ ನೆಲಕ್ಕೆ ಹೋಗದಿದ್ದರೆ ನೆಲವನ್ನೇ ಕೈ ಹತ್ತಿರ ತರೋಣ."

ಅವತ್ತಿನಿಂದ ನನಗೆ ನೆಲ ಅಂದರೆ ಕೆಲವೊಮ್ಮೆ ಮರದ ಇಟ್ಟಿಗೆ, ಕೆಲವೊಮ್ಮೆ ಕುರ್ಚಿ, ಕೆಲವೊಮ್ಮೆ ಗೋಡೆ. ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಕೈ ಇಟ್ಟಿಗೆಯ ಮೇಲೆ. ಕೈ ಕಾಲು ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಮಂಡಿ ಮಡಚಿ, ಹಿಮ್ಮಡಿ ನೆಲ ಮುಟ್ಟದೆ ಮೇಲೆದ್ದಿರುತ್ತದೆ, ಬೆನ್ನು ಮಾತ್ರ ಉದ್ದವಾಗಿರಬೇಕು. ಮಂಡಿ ಮಡಚಿ ಕೂರುವ ವಜ್ರಾಸನದಲ್ಲಿ ಹಿಮ್ಮಡಿ ಮತ್ತು ಪೃಷ್ಠದ ನಡುವೆ ದಿಂಬು. ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ ಗೋಡೆ ಪಕ್ಕದಲ್ಲಿ, ಪಾದವನ್ನು ಮೀನಖಂಡಕ್ಕೆ ಒತ್ತಿದರೂ ಸಾಕು, ತೊಡೆಗೆ ಒತ್ತಿದರೂ ಸರಿ, ಮಂಡಿಯ ಪಕ್ಕಕ್ಕೆ ಮಾತ್ರ ಒತ್ತಬಾರದು.

ಹೀಗೆ ಕಂಬಳಿ, ಬೆಲ್ಟು, ಮರದ ಇಟ್ಟಿಗೆ ಇಟ್ಟುಕೊಂಡು ಆಸನ ಕಲಿಸುವ ಪದ್ಧತಿಯನ್ನು ಬೆಳೆಸಿ ಜಗತ್ತಿಗೆಲ್ಲ ಮುಟ್ಟಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಅವರ ಕಥೆಯನ್ನು ಮೇಡಂ ಬಾಯಲ್ಲಿ ಕೇಳಿದಾಗ ನಿಜಕ್ಕೂ ಧೈರ್ಯ ಬಂತು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ, ಒಂದಾದ ಮೇಲೊಂದು. 1934ರಲ್ಲಿ ಮೈಸೂರಿಗೆ ಹೋಗಿ ಭಾವ ತಿರುಮಲೈ ಕೃಷ್ಣಮಾಚಾರ್ಯರ ಹತ್ತಿರ ಯೋಗ ಶುರು ಮಾಡಿದಾಗ ಅವರ ಮೈಯೂ ಬಿಗಿಯಾಗಿಯೇ ಇತ್ತು, ಶಕ್ತಿಯೂ ಇರಲಿಲ್ಲ. ಬಿಗಿ ಮೈ ಅಂದರೆ ಏನು ಅಂತ ಸ್ವತಃ ಅನುಭವಿಸಿದವರು ಬೆಳೆಸಿದ ಪದ್ಧತಿ ಇದು, ಅದಕ್ಕೇ ಇದರಲ್ಲಿ ನನ್ನಂಥವರಿಗೆ ಜಾಗ ಇದೆ. 2014ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ನಾನು ನೋಡಿದವಳಲ್ಲ, ಆದರೂ ಈ ಥ್ಯಾಂಕ್ಸ್‌ನಲ್ಲಿ ದೊಡ್ಡ ಪಾಲು ಅವರದ್ದು.

ಇನ್ನು ನನ್ನ ಫಿಸಿಯೋಥೆರಪಿಸ್ಟ್. ಯೋಗ ಮಾಡಬೇಡಿ ಅಂತಾರೇನೋ ಅಂದುಕೊಂಡು ಹೋಗಿದ್ದೆ. ಅವರು ಒಂದು ಹಾಳೆ ತೆಗೆದು ಚಿತ್ರ ಬರೆದರು. ತೊಡೆಯ ಹಿಂದಿನ ಸ್ನಾಯುಗಳು, ಹ್ಯಾಮ್‌ಸ್ಟ್ರಿಂಗ್ ಅಂತಾರಲ್ಲ, ಅವು ನಾವು ಕೂರುವ ಮೂಳೆಯಿಂದ ಹೊರಟು ಮಂಡಿ ದಾಟಿ ಕೆಳಗಿನ ಕಾಲಿಗೆ ಅಂಟಿಕೊಂಡಿರುತ್ತವೆ. ಅವು ಬಿಗಿ ಇದ್ದಾಗ ಕಾಲು ನೇರ ಇಟ್ಟು ಬಗ್ಗಿದರೆ ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ, ಆಗ ಬಗ್ಗುವ ಕೆಲಸ ಎಲ್ಲಾ ಕೆಳ ಬೆನ್ನಿನ ಮೇಲೆ ಬೀಳುತ್ತದೆ. ಮಂಡಿ ಸ್ವಲ್ಪ ಮಡಚಿದರೆ ಆ ಎಳೆತ ಸಡಿಲವಾಗುತ್ತದೆ. ಮಂಡಿ ಮಡಚುವುದು ಕಳ್ಳಾಟ ಅಲ್ಲ ಅಂತ ನನ್ನ ತಲೆಗೆ ಹೋಗಿದ್ದು ಆ ಹಾಳೆ ನೋಡಿದ ಮೇಲೆ.

ಇನ್ನೊಂದು ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ಸ್ನಾಯುವನ್ನು ರಪ್ಪಂತ ಎಳೆದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ಬಿಗಿಯಾಗುತ್ತದೆ. ನಿಧಾನವಾಗಿ ಹೋಗಿ, ಉಸಿರು ಬಿಡುತ್ತಾ ಅರ್ಧ ನಿಮಿಷ ಅಲ್ಲೇ ನಿಂತರೆ ತಾನಾಗೇ ಸ್ವಲ್ಪ ಸಡಿಲ ಬಿಡುತ್ತದೆ. ಶುರುವಿನ ವಾರಗಳಲ್ಲಿ ನಾವು ಜಾಸ್ತಿ ಬಗ್ಗುವುದಕ್ಕೆ ಮುಖ್ಯ ಕಾರಣ ಸ್ನಾಯು ಉದ್ದವಾಗಿದ್ದು ಅಲ್ಲವಂತೆ, ಆ ಎಳೆತ ಅಪಾಯ ಅಲ್ಲ ಅಂತ ನರಮಂಡಲ ಒಪ್ಪಿಕೊಳ್ಳುವುದು. ಅದಕ್ಕೇ ವಾರಕ್ಕೊಮ್ಮೆ ಮೈ ಮುರಿಯುವಷ್ಟು ಮಾಡುವ ಬದಲು ದಿನಾ ಸ್ವಲ್ಪ ಮಾಡಿ ಅಂದರು. ಬೆಳಿಗ್ಗೆ ಎದ್ದ ಕೂಡಲೇ ಆಳವಾಗಿ ಮುಂದಕ್ಕೆ ಬಗ್ಗುವುದೂ ಬೇಡ ಅಂದರು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವಂತೆ, ಮೊದಲು ಸ್ವಲ್ಪ ಓಡಾಡಿ, ಕೈ ಮಂಡಿ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆ ಕೆಳಗೆ ಆಡಿಸುವ ಮಾರ್ಜಾಲಾಸನದಂಥದ್ದು ಮಾಡಿ, ಆಮೇಲೆ ಬಗ್ಗಬೇಕು. ಸ್ನಾಯುವಿನ ನಡುವೆ ಎಳೆದ ಹಾಗಾದರೆ ಪರವಾಗಿಲ್ಲ, ಕೀಲಿನಲ್ಲಿ ಚುಚ್ಚಿದರೆ, ಕಾಲು ಜೋಮು ಹಿಡಿದರೆ, ಕರೆಂಟ್ ಹೊಡೆದ ಹಾಗೆ ಆದರೆ ಆ ಕ್ಷಣವೇ ನಿಲ್ಲಿಸಿ. ಈ ಒಂದು ಸೂಚನೆ ನನ್ನನ್ನು ವರ್ಷವಿಡೀ ಕಾಪಾಡಿದೆ.

ನನಗೆ ತುಂಬಾ ಇಷ್ಟವಾದದ್ದು ಸುಪ್ತ ಪಾದಾಂಗುಷ್ಠಾಸನ. ಅಂಗಾತ ಮಲಗಿ ಒಂದು ಪಾದಕ್ಕೆ ಬೆಲ್ಟ್ ಹಾಕಿ ಕಾಲು ಮೇಲೆತ್ತುವುದು, ಬೆನ್ನು ಪೂರ್ತಿ ನೆಲದ ಮೇಲೆ ಇರುವುದರಿಂದ ಸೊಂಟಕ್ಕೆ ಭಯ ಇಲ್ಲ. ಶುರುವಿನಲ್ಲಿ ಕಾಲು ಅರ್ಧಕ್ಕೇ ನಿಂತು ಗಡಗಡ ನಡುಗುತ್ತಿತ್ತು. ಬೆಲ್ಟನ್ನು ಎಳೆಯಬೇಡಿ, ಸುಮ್ನೆ ಹಿಡಿದುಕೊಂಡಿರಿ, ಭುಜ ಸಡಿಲ ಬಿಡಿ ಅಂತ ಮೇಡಂ ಪ್ರತಿ ಸಲ ಅದೇ ಧ್ವನಿಯಲ್ಲಿ ಹೇಳುತ್ತಿದ್ದರು, ಎಷ್ಟು ಸಲ ಹೇಳಿದರೂ ಬೇಸರ ಇಲ್ಲ. ಈಚೆಗೆ ಒಂದು ದಿನ ಉಸಿರು ಬಿಡುವಾಗ ನಡುಕ ನಿಂತಿತು, ಕಾಲು ತನ್ನಷ್ಟಕ್ಕೆ ಎರಡು ಬೆರಳಿನಷ್ಟು ಹತ್ತಿರ ಬಂತು. ನಾನು ಏನೂ ಮಾಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆ ಇಲ್ಲ.

ಮೇಡಂ ಅವರ ಪ್ರಾಮಾಣಿಕತೆಗೆ ಬೇರೆಯಾಗಿಯೇ ಥ್ಯಾಂಕ್ಸ್ ಹೇಳಬೇಕು. ಪದ್ಮಾಸನ ಯಾವಾಗ ಬರುತ್ತೆ ಅಂತ ಕೇಳಿದ್ದೆ. ಬರದೇ ಇರಬಹುದು ಅಂದರು. ತೊಡೆ ಮೂಳೆಯ ತಲೆ ಸೊಂಟದ ಗುಳಿಯಲ್ಲಿ ಕೂರುವ ರೀತಿ ಒಬ್ಬೊಬ್ಬರಿಗೆ ಒಂದೊಂದು ಥರ, ಕೆಲವರ ಮೂಳೆಯ ಆಕಾರವೇ ಅಷ್ಟು ತಿರುಗಲು ಬಿಡುವುದಿಲ್ಲ. ಸೊಂಟ ತಿರುಗದೆ ಇದ್ದಾಗ ಪಾದವನ್ನು ಎಳೆದು ತೊಡೆ ಮೇಲೆ ಹಾಕಿದರೆ ಆ ತಿರುಚು ಎಲ್ಲಾ ಮಂಡಿಗೆ ಹೋಗುತ್ತದೆ, ಮಂಡಿ ಇರುವುದು ಮುಖ್ಯವಾಗಿ ಮಡಚಿ ಬಿಚ್ಚುವುದಕ್ಕೆ. ಎಲ್ಲಾ ಬರುತ್ತೆ, ಪ್ರಯತ್ನ ಮಾಡಿ ಅಂತ ಹೇಳಿದ್ದರೆ ನನಗೆ ಆ ಹೊತ್ತಿಗೆ ಖುಷಿಯಾಗುತ್ತಿತ್ತು, ಇವತ್ತು ಮಂಡಿ ಹಿಡಿದುಕೊಂಡು ಕೂತಿರುತ್ತಿದ್ದೆನೇನೋ. ಪತಂಜಲಿಯ ಸೂತ್ರಗಳಲ್ಲಿ ನೇರವಾಗಿ ಆಸನದ ಬಗ್ಗೆ ಇರುವುದು ಮೂರೇ ಮೂರು, ಅಲ್ಲೆಲ್ಲೂ ಪದ್ಮಾಸನ ಹಾಕಲೇಬೇಕು ಅಂತಿಲ್ಲ, ಅಲ್ಲಿ ಕೇಳಿರುವುದು ಸ್ಥಿರವಾಗಿ, ಸುಖವಾಗಿ ಇರುವುದನ್ನು ಅಂತಲೂ ಅವರೇ ಹೇಳಿದರು. ಈಗ ನಾನು ಕಂಬಳಿ ಮೇಲೆ ಸುಖಾಸನದಲ್ಲಿ, ಅಂದರೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ, ಗೋಡೆ ಬೇಕಾಗುವುದಿಲ್ಲ.

ಪಕ್ಕದ ಮ್ಯಾಟ್‌ನ ಅಜ್ಜಿಗೆ. ಅಜ್ಜಿ ಅಂದರೆ ಬೈತಾರೆ, ಇರಲಿ. ಅರ್ಧ ಆಸನಗಳನ್ನು ಅವರು ಕುರ್ಚಿ ಮೇಲೆ ಕೂತೇ ಮಾಡುತ್ತಾರೆ, ಆದರೆ ಮುಖದಲ್ಲಿ ಯಾವ ಕೊರತೆಯೂ ಇರುವುದಿಲ್ಲ. ನಾನು ಕನ್ನಡಿಯಲ್ಲಿ ಮುಂದಿನ ಸಾಲಿನವರನ್ನು ನೋಡಿ ಕುಗ್ಗಿದ್ದ ಒಂದು ದಿನ, ಕಣ್ಣು ಮುಚ್ಚಿಕೊಂಡು ಮಾಡಿ, ಆಗ ನೀವೊಬ್ಬರೇ ಇರ್ತೀರಿ ಅಂದರು. ವೃಕ್ಷಾಸನ ಒಂದು ಬಿಟ್ಟು ಉಳಿದದ್ದೆಲ್ಲಾ ಈಗ ಹಾಗೇ ಮಾಡುತ್ತೇನೆ. ನಾನು ಕ್ಲಾಸು ತಪ್ಪಿಸಿದ ಮಾರನೇ ದಿನ, ಯಾಕೆ ಬರಲಿಲ್ಲ ಅಂತ ಕೇಳುವ ಬದಲು, ಇವತ್ತು ಬಂದ್ರಲ್ಲ ಅಂತ ಮ್ಯಾಟ್ ಸರಿಸಿ ಜಾಗ ಮಾಡಿಕೊಡುವವರು ಅವರು. ಎಷ್ಟೋ ಬೆಳಿಗ್ಗೆ ನಾನು ಹಾಸಿಗೆ ಬಿಟ್ಟು ಎದ್ದದ್ದು ಆ ಮಾತಿಗೋಸ್ಕರ.

ಮನೆಯವರಿಗೆ. ಹಾಲ್‌ನಲ್ಲಿ ಟೀಪಾಯಿ ಸರಿಸಿ ಮ್ಯಾಟ್ ಹಾಕಲು ಜಾಗ ಮಾಡಿದ್ದಕ್ಕೆ, ಆ ಹೊತ್ತಿನಲ್ಲಿ ಟಿವಿ ಹಾಕದೆ ಇದ್ದದ್ದಕ್ಕೆ, ಮುಖ್ಯವಾಗಿ ಒಂದು ಸಲವೂ ಎಲ್ಲಿ, ಕಾಲು ಮುಟ್ಟಿ ತೋರಿಸು ಅಂತ ಕೇಳದೆ ಇದ್ದದ್ದಕ್ಕೆ. ಮಗಳು ಕೆಲವು ದಿನ ಬಂದು ಪಕ್ಕದಲ್ಲೇ ಶವಾಸನದಲ್ಲಿ ಮಲಗುತ್ತಾಳೆ, ಬೇರೆ ಯಾವ ಆಸನಕ್ಕೂ ಬರುವುದಿಲ್ಲ, ಅದಕ್ಕೆ ಮಾತ್ರ. ಆ ಐದು ನಿಮಿಷ ನನಗೆ ತುಂಬಾ ಬೇಕಾದ ಐದು ನಿಮಿಷ.

ಏನು ಬದಲಾಯಿತು ಅಂತ ಕೇಳುವವರಿಗೆ ಒಂದೇ ಒಂದು ಹೇಳುತ್ತೇನೆ. ಮೊನ್ನೆ ಮಂಚದ ಕೆಳಗೆ ಉರುಳಿ ಹೋಗಿದ್ದ ಪೆನ್ನು ತೆಗೆಯಲು ಮಂಡಿಯೂರಿ, ಪಕ್ಕಕ್ಕೆ ಬಾಗಿ, ಕೈ ಚಾಚಿ ತೆಗೆದುಕೊಂಡು ಎದ್ದು ನಿಂತೆ. ಕೋಣೆಯಿಂದ ಹೊರಗೆ ಬಂದ ಮೇಲೆ ಗೊತ್ತಾಯಿತು, ಏಳುವಾಗ ಮಂಚ ಹಿಡಿದುಕೊಂಡಿರಲಿಲ್ಲ, ಅಮ್ಮಾ ಅಂತಲೂ ಅಂದಿರಲಿಲ್ಲ. ಬೆಳಗಿನ ಸೊಂಟ ನೋವು ಪೂರ್ತಿ ಹೋಗಿಲ್ಲ, ಜಾಸ್ತಿ ಹೊತ್ತು ಕುರ್ಚಿಯಲ್ಲಿ ಕೂತ ದಿನ ಬರುತ್ತದೆ. ಬಂದರೆ ಏನು ಮಾಡಬೇಕು ಅಂತ ಈಗ ಗೊತ್ತಿದೆ, ಕಾಲನ್ನು ಗೋಡೆಗೆ ಎತ್ತಿಟ್ಟು ಹತ್ತು ನಿಮಿಷ ಮಲಗುತ್ತೇನೆ.

ಮುಂದಿನ ತಿಂಗಳು ಹೊಸಬರ ಬ್ಯಾಚ್ ಶುರುವಾಗುತ್ತಿದೆ. ಮೊದಲ ವಾರಗಳಲ್ಲಿ ಬಂದು ಸ್ವಲ್ಪ ಸಹಾಯ ಮಾಡ್ತೀರಾ ಅಂತ ಮೇಡಂ ಕೇಳಿದರು, ಒಪ್ಪಿಕೊಂಡಿದ್ದೇನೆ. ಮೈ ಬಗ್ಗಲ್ಲ ಅಂತ ಹಿಂದೆ ಸರಿದಿರುವವರು ದಯವಿಟ್ಟು ಬನ್ನಿ. ಸಡಿಲ ಬಟ್ಟೆ ಹಾಕಿಕೊಳ್ಳಿ, ಹೊಟ್ಟೆ ಖಾಲಿ ಇರಲಿ, ಬಿಪಿ, ಹಳೆಯ ಆಪರೇಷನ್, ಮಂಡಿ ನೋವು ಏನಿದ್ದರೂ ಮೊದಲ ದಿನವೇ ಮೇಡಂಗೆ ಹೇಳಿ. ಗೋಡೆ ಪಕ್ಕದ ಜಾಗ ನಿಮಗೇ, ಕಂಬಳಿ ಮಡಚಿ ಇಡುವ ಕೆಲಸ ನನ್ನದು.